ನಾವು ಯಾರ ಉತ್ತರ? ಶಿರಾ ಎಂಬ ರಾಜಧಾನಿಯ ಕಥೆ

1/9
2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆ "ಬೆಂಗಳೂರು ದಕ್ಷಿಣ" ಆಯ್ತು. ಅದಾದ ಮೇಲೆ ನಮ್ಮ ಕಡೆಗೂ ಗಾಳಿ ಬೀಸ್ತು. ತುಮಕೂರನ್ನ "ಬೆಂಗಳೂರು ಉತ್ತರ" ಅಂತ ಕರೆದ್ರೆ ಹೇಗೆ ಅನ್ನೋ ಮಾತು ದೊಡ್ಡವರ ಬಾಯಲ್ಲೇ ಬಂತು. ಅದರ ಕೆಳಗಿನ ಕಾಮೆಂಟ್ ನೋಡಿದ್ರಾ? "ಸೂಪರ್ ಗುರು, ಸೈಟ್ ರೇಟ್ ಡಬಲ್", "ಇನ್ಮೇಲೆ ನಾವೂ ಬೆಂಗಳೂರಿನವರು", ಬೆಂಕಿ ಇಮೋಜಿ, ಚಪ್ಪಾಳೆ ಇಮೋಜಿ.

ಚಪ್ಪಾಳೆ ಹೊಡೆಯೋ ಮೊದಲು ಒಂದು ವಿಷಯ ಕೇಳಿ. ನಮ್ಮ ಜಿಲ್ಲೆಯಲ್ಲೇ ಒಂದು ರಾಜಧಾನಿ ಇತ್ತು. ಹಂದನಕೆರೆಯಿಂದ ಹುಳಿಯಾರು, ಬುಕ್ಕಾಪಟ್ಟಣ ಮೇಲೆ ಹೋದ್ರೆ ಸಿಗುತ್ತೆ. ನೀವು ಬೈಪಾಸಲ್ಲಿ ನೂರು ಸಲ ದಾಟಿರ್ತೀರಿ. ಬೆಂಗಳೂರು, ಶಿರಾ ಎರಡೂ ಒಬ್ಬನೇ ದೊರೆಯ ಕೈಯಲ್ಲಿದ್ದಾಗ ಅವನ ಕಡೆಯವರು ಬೆಂಗಳೂರನ್ನ ಮಾರಿ ಶಿರಾವನ್ನ ರಾಜಧಾನಿ ಮಾಡ್ಕೊಂಡಿದ್ರು.

ಹೌದು, ಮಾರಿದ್ರು. ರೇಟ್ ಸಮೇತ ಹೇಳ್ತೀನಿ. ಉದ್ದ ಇದೆ, ಒಂಬತ್ತು ಭಾಗ. ಸ್ವೈಪ್ ಮಾಡಿ.

2/9
ಫೋಟೋದಲ್ಲಿರೋದು ಶಿರಾ ಕೋಟೆ, ಅದರ ಕಂದಕ. ರೀಲ್ಸ್ ಮಾಡೋಕೆ ಹೋದವರು ಇದನ್ನ "ಹಳೇ ಕೋಟೆ" ಅಂತ ಹಾಕ್ತಾರೆ. ಯಾರ ಕೋಟೆ, ಎಷ್ಟು ಹಳೇದು ಅನ್ನೋದು ಯಾರಿಗೂ ಬೇಡ.

ಕಟ್ಟೋಕೆ ಶುರು ಮಾಡಿದವನು ರತ್ನಗಿರಿಯ ಪಾಳೆಯಗಾರ ಕಸ್ತೂರಿ ರಂಗಪ್ಪ ನಾಯಕ. ಅವನ ಕೋಟೆ ಇನ್ನೂ ಪೂರ್ತಿ ಆಗಿರಲಿಲ್ಲ, 1638ರ ಸುಮಾರಿಗೆ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಬಂದು ಹಿಡಿದ. ಅದೇ ದಂಡಯಾತ್ರೆಯಲ್ಲಿ ಬೆಂಗಳೂರೂ ಕೆಂಪೇಗೌಡರ ವಂಶದ ಕೈ ತಪ್ಪಿತು. ಇಲ್ಲೊಂದು ವಿಷಯ ಗಮನಿಸಿ: ಆ ಹೊತ್ತಿಗೆ ಶಿರಾ, ಬೆಂಗಳೂರು ಎರಡೂ ಒಂದೇ ಥರದ ಊರುಗಳು. ಎರಡನ್ನೂ ಸ್ಥಳೀಯ ನಾಯಕರು ಕಟ್ಟಿಸಿದ್ದು, ಎರಡನ್ನೂ ಒಬ್ಬನೇ ಗೆದ್ದಿದ್ದು. ಆಮೇಲೆ ಎರಡೂ ಶಿವಾಜಿಯ ಅಪ್ಪ ಶಹಾಜಿಯ ಜಾಗೀರಿಗೆ ಸೇರಿದ್ವು. ಓಟ ಶುರುವಾದಾಗ ಇಬ್ಬರೂ ಒಂದೇ ಗೆರೆ ಮೇಲೆ ನಿಂತಿದ್ರು.

ಶಿರಾ ಕೋಟೆ ಕೆಲಸ ಮುಗಿಸಿ ಊರಿನ ಸುತ್ತ ಮಣ್ಣಿನ ಗೋಡೆ ಎಬ್ಬಿಸಿದ್ದು ಬಿಜಾಪುರದ ಅಧಿಕಾರಿ ಮಲಿಕ್ ಹುಸೇನ್. ಇನ್ನೊಬ್ಬ ಅಧಿಕಾರಿ ಮಲಿಕ್ ರಿಹಾನ್ ಸಮಾಧಿ ಇವತ್ತೂ ಶಿರಾದಲ್ಲಿದೆ. ಅಂದ್ರೆ ಈ ಊರನ್ನ ಒಂದು ಜಾತಿ, ಒಂದು ಧರ್ಮ, ಒಂದು ಭಾಷೆಯವರು ಕಟ್ಟಿಲ್ಲ. ನಾಯಕರು ಬುನಾದಿ ಹಾಕಿದ್ರು, ಸುಲ್ತಾನರ ಕಡೆಯವರು ಗೋಡೆ ಎಬ್ಬಿಸಿದ್ರು.

3/9
ಈಗ ರೇಟಿನ ವಿಷಯ.

1686ರಲ್ಲಿ ಔರಂಗಜೇಬನ ಸೈನ್ಯ ಬಿಜಾಪುರವನ್ನ ಮುಗಿಸಿತು. ಅದರ ಕೈಕೆಳಗಿದ್ದ ದಕ್ಷಿಣದ ನಾಡನ್ನ ಹಿಡಿಯೋಕೆ ಖಾಸಿಂ ಖಾನ್ ಇಳಿದು ಬಂದ. ಆಗ ಬೆಂಗಳೂರು ಶಹಾಜಿಯ ಮಗ ಏಕೋಜಿಯ ಕೈಯಲ್ಲಿತ್ತು. ಅವನು ತಂಜಾವೂರಲ್ಲಿ ರಾಜನಾಗಿ ಕೂತಿದ್ದ. ದೂರದ ಬೆಂಗಳೂರನ್ನ ಕಾಯೋದು ಅವನಿಗೆ ತಲೆನೋವಾಗಿತ್ತು, ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಮಾರೋ ಮಾತುಕತೆ ನಡೆಸಿದ್ದ. ವ್ಯವಹಾರ ಮುಗಿಯೋ ಮೊದಲೇ 1687ರ ಜುಲೈನಲ್ಲಿ ಖಾಸಿಂ ಖಾನ್ ಊರು ಹಿಡಿದ. ಹಿಡಿದು ಏನ್ ಮಾಡಿದ? ಅದೇ ಚಿಕ್ಕದೇವರಾಜರಿಗೆ, ಅದೇ ಮೂರು ಲಕ್ಷಕ್ಕೆ ಕೊಟ್ಟುಬಿಟ್ಟ.

ಇಟ್ಟುಕೊಂಡಿದ್ದು ಯಾವುದನ್ನ? ಶಿರಾವನ್ನ. ಹೊಸ ಸುಬಾ ಅಂದ್ರೆ ಪ್ರಾಂತ್ಯಕ್ಕೆ ಶಿರಾನೇ ರಾಜಧಾನಿ. ಅದರ ಕೆಳಗೆ ಏಳು ಪರಗಣ: ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ. ಚಿತ್ರದುರ್ಗ, ಹರಪನಹಳ್ಳಿ, ಬಿದನೂರು, ಅಷ್ಟೇ ಯಾಕೆ, ಮೈಸೂರು ಕೂಡ ಶಿರಾಕ್ಕೆ ಕಪ್ಪ ಕೊಡೋರ ಪಟ್ಟಿಯಲ್ಲಿತ್ತು.

1986ರಲ್ಲಿ ದೊಡ್ಡಬಳ್ಳಾಪುರ, ಹೊಸಕೋಟೆ ಎರಡೂ "ಬೆಂಗಳೂರು ಗ್ರಾಮಾಂತರ" ಆದ್ವು. ಸುಬಾ ಕಾಲದಲ್ಲಿ ಅವು ಶಿರಾದ ಗ್ರಾಮಾಂತರ. ದಿಕ್ಕು ಯಾವುದು ಅಂತ ಹೇಳೋಕೆ ಮೊದಲು ನಡುವೆ ಯಾವ ಊರಿದೆ ಅಂತ ನೋಡಬೇಕು. ನಡುವಿನ ಊರನ್ನ ದೇವರೇನೂ ಇಟ್ಟಿದ್ದಲ್ಲ, ಅಧಿಕಾರದಲ್ಲಿದ್ದವನು ಇಟ್ಟಿದ್ದು.

4/9
ಈ ಫೋಟೋ ಶಿರಾದ ಜುಮ್ಮಾ ಮಸೀದಿ. ಕಡೆದ ಕಲ್ಲಿನದು, 1696ರದ್ದು. ಬೆಂಗಳೂರಿನ ಲಾಲ್‌ಬಾಗ್ ಹುಟ್ಟೋಕೆ ಇನ್ನೂ ಅರವತ್ತು ಚಿಲ್ಲರೆ ವರ್ಷ ಇತ್ತು.

ಲಾಲ್‌ಬಾಗ್ ಅಂದೆ ಅಲ್ವಾ. ಶಿರಾ ಚೆನ್ನಾಗಿ ಬೆಳೆದಿದ್ದು ದಿಲಾವರ್ ಖಾನ್ ಅನ್ನೋ ಸುಬೇದಾರನ ಕಾಲದಲ್ಲಿ. ಅವನ ಕಾಲಕ್ಕೆ ಊರಲ್ಲಿ ಐವತ್ತು ಸಾವಿರ ಮನೆ ಇತ್ತು ಅನ್ನೋ ಮಾತಿದೆ. ಮಾತನ್ನ ಮಾತಾಗೇ ಇಟ್ಕೊಳ್ಳಿ, ಲೆಕ್ಕದ ಪುಸ್ತಕಕ್ಕೆ ಹಾಕಬೇಡಿ. ಆದರೆ ಅವನ ಅರಮನೆಯನ್ನ ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆ ಕಟ್ಟಿದರು, ಶಿರಾದ ಖಾನ್ ಬಾಗ್ ನೋಡಿಯೇ ಹೈದರ್ ಅಲಿಗೆ ಲಾಲ್‌ಬಾಗ್ ಹೊಳೆದಿದ್ದು ಅಂತ ಬಿ.ಎಲ್. ರೈಸ್ ಕಾಲದ ಗೆಜೆಟಿಯರ್‌ನಿಂದಲೂ ಹೇಳ್ತಾ ಬಂದಿದ್ದಾರೆ. ಆಗಸ್ಟ್ 15ಕ್ಕೆ ಫ್ಲವರ್ ಶೋ ಸೆಲ್ಫಿ ಹಾಕೋ ನಮ್ಮವರಿಗೆ ಆ ತೋಟದ ಅಜ್ಜಿಮನೆ ನಮ್ಮ ಜಿಲ್ಲೆಯಲ್ಲಿದೆ ಅಂತ ಯಾರೂ ಹೇಳಿಲ್ಲ.

ಹೆಸರಿನ ವ್ಯಾಪಾರಕ್ಕೂ ಶಿರಾ ಹಳೇ ಗಿರಾಕಿ. 1761ರಲ್ಲಿ ಹೈದರ್‌ಗೆ "ಶಿರಾ ನವಾಬ" ಅನ್ನೋ ಪದವಿ ಬೇಕಾಯ್ತು. ನಿಜಾಮನ ತಮ್ಮ ಬಸಾಲತ್ ಜಂಗ್ ಕೊಟ್ಟ. ಎಷ್ಟಕ್ಕೆ? ಮೂರು ಲಕ್ಷ ನಜರಾಣಕ್ಕೆ. ತಮಾಷೆ ಏನಂದ್ರೆ, ಕೊಟ್ಟವನ ಕೈಯಲ್ಲೂ ಶಿರಾ ಇರಲಿಲ್ಲ, ತಗೊಂಡವನ ಕೈಯಲ್ಲೂ ಇರಲಿಲ್ಲ. ಊರಿನ್ನೂ ಮರಾಠರ ವಶದಲ್ಲಿತ್ತು, ಆಮೇಲೆ ಹೋಗಿ ಗೆದ್ದರು. ಪೂರ್ತಿ ಬೆಂಗಳೂರಿಗೆ ಕೊಟ್ಟಷ್ಟೇ ದುಡ್ಡನ್ನ ಶಿರಾದ ಹೆಸರಿಗೆ ಕೊಟ್ಟ ಕಾಲ ಅದು. ಆಗ ನಮ್ಮ ಊರಿನ ಹೆಸರು ಬೇರೆಯವರಿಗೆ ಬೇಕಿತ್ತು. ಈಗ ನಮಗೇ ಬೇಡ.

5/9
ಹಾಗಾದ್ರೆ ಶಿರಾ ಏನಾಯ್ತು? "ಜನ ಸೋಮಾರಿಗಳು, ಬೆಳೆಸ್ಕೊಳ್ಳಲಿಲ್ಲ" ಅಂತೀರಾ?

1757ರಲ್ಲಿ ಮರಾಠರು ಹಿಡಿದರು. 1761ರಲ್ಲಿ ಹೈದರ್. 1766ರಲ್ಲಿ ಮತ್ತೆ ಮರಾಠರು. 1774ರಲ್ಲಿ ಟಿಪ್ಪು ವಾಪಸ್ ಗೆದ್ದ. ಹದಿನೇಳು ವರ್ಷದಲ್ಲಿ ಇಷ್ಟು ಸಲ ಕೈ ಬದಲಾದ ಊರಲ್ಲಿ ಯಾರು ಅಂಗಡಿ ತೆರೆದು ಕೂರ್ತಾರೆ? ಕೊನೇ ಪೆಟ್ಟು ಶ್ರೀರಂಗಪಟ್ಟಣದಿಂದ ಬಂತು. ರಾಜಧಾನಿ ಪಕ್ಕ ಗಂಜಾಂ ಅನ್ನೋ ಹೊಸ ಪೇಟೆ ಎದ್ದಿತ್ತು. ಪೇಟೆ ಕಟ್ಟಬಹುದು, ಜನ ಎಲ್ಲಿಂದ ಬರಬೇಕು? ಶಿರಾದಿಂದ 12,000 ಕುಟುಂಬಗಳನ್ನ ಬಲವಂತವಾಗಿ ಎಬ್ಬಿಸಿ ಅಲ್ಲಿಗೆ ಸಾಗಿಸಿದರು ಅಂತ ಗೆಜೆಟಿಯರ್ ಹೇಳುತ್ತೆ. ಲೆಕ್ಕ ಹೆಚ್ಚುಕಮ್ಮಿ ಇರಬಹುದು, ಊರು ಖಾಲಿಯಾಗಿದ್ದಂತೂ ಹೌದು.

ಕಾಮೆಂಟಲ್ಲಿ ಟಿಪ್ಪು ಪರ, ಟಿಪ್ಪು ವಿರೋಧ ಅಂತ ಕುಸ್ತಿ ಶುರು ಮಾಡೋರಿಗೆ ಕೈಮುಗಿದು ಹೇಳ್ತೀನಿ: ಬೇಡ. 1791ರಲ್ಲಿ ಮರಾಠ ಸರದಾರ ಪರಶುರಾಮ ಭಾವು ನಮ್ಮ ಚಿಕ್ಕನಾಯಕನಹಳ್ಳಿಯನ್ನ ಲೂಟಿ ಮಾಡಿ ಹೋದ. ಅವನ ಧರ್ಮ ಯಾವುದು ಅಂತ ನೋಡಿ ಇಲ್ಲಿಯ ಮನೆಗಳೇನೂ ಉಳೀಲಿಲ್ಲ. ಖಾವಂದರು ಯಾರೇ ಇರಲಿ, ರಾಜಧಾನಿಗೆ ಹಸಿವಾದಾಗ ಸುತ್ತಲಿನ ಊರಿನ ಜನ, ನೀರು, ದುಡ್ಡು ಅದರ ತಟ್ಟೆಗೆ ಹೋಗುತ್ತೆ.

ಇನ್ನೂ ಕೇಳಿ. ನಮ್ಮ ಜನರನ್ನ ಕರ್ಕೊಂಡು ಹೋದ ಶ್ರೀರಂಗಪಟ್ಟಣವಾದರೂ ಉಳೀತಾ? 1799ರ ಮೇ 4ಕ್ಕೆ ಬಿತ್ತು. ರಾಜಧಾನಿ ಮೈಸೂರಿಗೆ ಹೋಯ್ತು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ಕೊಂಡಾಗ ಕಚೇರಿಗಳು ಬೆಂಗಳೂರಿಗೆ ಹೋದ್ವು. ನೂರೈವತ್ತು ವರ್ಷದೊಳಗೆ ಶಿರಾ, ಶ್ರೀರಂಗಪಟ್ಟಣ, ಮೈಸೂರು, ಬೆಂಗಳೂರು. ರಾಜಧಾನಿ ಅನ್ನೋದು ಬೆಟ್ಟದ ಥರ ಒಂದೇ ಕಡೆ ಕೂರಲ್ಲ, ಟೆಂಟ್ ಸಿನಿಮಾ ಥರ ಊರೂರು ಸುತ್ತುತ್ತೆ.

6/9
ಇದು ನಮ್ಮಲ್ಲಿ ಮಾತ್ರ ಅಲ್ಲ ಅಂತ ತೋರ್ಸೋಕೆ ಭೂಮಿಯ ಆ ಕಡೆಗೆ ಒಂದು ನಿಮಿಷ ಬನ್ನಿ. ಮಧ್ಯ ಅಮೆರಿಕದ ಗ್ವಾಟೆಮಾಲ. ಸ್ಪೇನ್ ರಾಜನ ಆಳ್ವಿಕೆ. 1541ರಲ್ಲಿ ಜ್ವಾಲಾಮುಖಿ ಬೆಟ್ಟದಿಂದ ಇಳಿದ ಕೆಸರು ಪ್ರವಾಹಕ್ಕೆ ಅಲ್ಲಿಯ ರಾಜಧಾನಿ ಹಾಳಾಯ್ತು. ಹತ್ತಿರದಲ್ಲೇ ಇನ್ನೊಂದು ಕಟ್ಟಿದರು. ಅದು ಇನ್ನೂರು ವರ್ಷಕ್ಕೂ ಜಾಸ್ತಿ ಮೆರೆಯಿತು. 1773ರ ಜುಲೈ 29ರ ಭೂಕಂಪಕ್ಕೆ ಅದೂ ಕುಸಿಯಿತು.

ಆಗ ಅಲ್ಲಿಯ ಗವರ್ನರ್ "ಊರನ್ನೇ ಬೇರೆ ಕಡೆ ಎತ್ತೋಣ" ಅಂದ. ಆರ್ಚ್‌ಬಿಷಪ್ "ಬೇಡ, ಇಲ್ಲೇ ರಿಪೇರಿ ಮಾಡೋಣ" ಅಂತ ಹಠ ಹಿಡಿದ, ಎಷ್ಟೋ ಜನ ಅವನ ಹಿಂದೆ ನಿಂತರು. ಗೆದ್ದಿದ್ದು ರಾಜನ ಆಜ್ಞೆ. 1776ರಲ್ಲಿ ರಾಜಧಾನಿ ಹೊಸ ಜಾಗಕ್ಕೆ ಹೋಯ್ತು, ಜನಕ್ಕೂ ಹೊರಡಿ ಅಂತ ಅಪ್ಪಣೆ ಆಯ್ತು. ಟಿಪ್ಪು ಶಿರಾ ಗೆದ್ದಿದ್ದಕ್ಕೂ ಇದಕ್ಕೂ ಎರಡೇ ವರ್ಷ ಅಂತರ, ನೋಡಿ.

ನನಗೆ ಚುಚ್ಚಿದ್ದು ಭೂಕಂಪ ಅಲ್ಲ. ಹೊಸ ಊರು ರಾಜಧಾನಿ ಪಟ್ಟದ ಜೊತೆ ಹೆಸರನ್ನೂ ತಗೊಂಡು ಹೋಯ್ತು. ಹೊಸದಕ್ಕೆ ಗ್ವಾಟೆಮಾಲ ಅಂತ ಹೆಸರು. ಬಿಟ್ಟು ಹೋದ ಊರಿಗೆ ಉಳಿದಿದ್ದು "ಆಂಟಿಗುವಾ", ಅಂದ್ರೆ "ಹಳೇದು". ಅದಕ್ಕಿಂತ ಹಿಂದಿನದು "ಸಿಯುದಾದ್ ವಿಯೇಹಾ", ಅಂದ್ರೆ "ಹಳೇ ಊರು". ರಾಜಧಾನಿ ಆಗಿದ್ದ ಊರುಗಳಿಗೆ ಇವತ್ತು ಸ್ವಂತ ಹೆಸರಿನ ಜಾಗದಲ್ಲಿ ಒಂದು ವಿಶೇಷಣ ಮಾತ್ರ. ಹಳೇದು ಅಂತ ಕರೆಯೋದಕ್ಕೂ ಉತ್ತರ ಅಂತ ಕರೆಯೋದಕ್ಕೂ ಏನ್ ವ್ಯತ್ಯಾಸ? ಎರಡರಲ್ಲೂ ಊರು ಇನ್ನೊಂದು ಊರಿನ ಬಾಲ.

ಅಲ್ಲಿ ಭೂಕಂಪ ಆಗಿತ್ತು, ರಾಜನ ಬಲವಂತ ಇತ್ತು. ನಮಗೆ ಏನಾಗಿದೆ ಅಂತ ನಾವಾಗೇ ಹೆಸರು ಕೊಡೋಕೆ ಹೊರಟಿದ್ದೀವಿ?

7/9
"ಬೆಂಗಳೂರಿಗೆ ಹವಾಮಾನ ಚೆನ್ನಾಗಿದೆ, ಅದಕ್ಕೇ ಬೆಳೀತು." ಇದು ಎಲ್ಲರ ಬಾಯಲ್ಲಿರೋ ಉತ್ತರ. ಹವಾ ಚೆನ್ನಾಗಿತ್ತು, ನಿಜ. ಶ್ರೀರಂಗಪಟ್ಟಣದಲ್ಲಿ ಜ್ವರ ತಡೆಯೋಕಾಗದೆ ಬ್ರಿಟಿಷ್ ಸೈನ್ಯ 1809ರಲ್ಲಿ ಬೆಂಗಳೂರಿಗೆ ದಂಡು ಎತ್ತಿತು. ಆದರೆ ಬರೀ ಗಾಳಿ ಕುಡಿದು ಊರು ಬೆಳೆಯುತ್ತಾ?

ಪಟ್ಟಿ ನೋಡಿ. 1864ಕ್ಕೆ ಮದರಾಸಿನ ಕಡೆಯಿಂದ ರೈಲು. 1905ಕ್ಕೆ ಶಿವನಸಮುದ್ರದಿಂದ ಕರೆಂಟು. 1909ಕ್ಕೆ ವಿಜ್ಞಾನ ಸಂಸ್ಥೆ, ಅದಕ್ಕೆ ಜಾಗ ಮೈಸೂರು ಸಂಸ್ಥಾನದ್ದು. 1940 ಎಚ್‌ಎಎಲ್, 1948 ಐಟಿಐ, 1953 ಎಚ್‌ಎಂಟಿ, 1954 ಬಿಇಎಲ್. 1956ಕ್ಕೆ ವಿಧಾನಸೌಧ. ಹತ್ತಿರದಲ್ಲಿ ದೊಡ್ಡ ನದಿ ಇಲ್ಲ, ಹಾಗಾಗಿ 1974ರಿಂದ ಕಾವೇರಿಯನ್ನ ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತರಕ್ಕೆ ಪಂಪ್ ಮಾಡಿ ಕುಡಿಸ್ತಿದ್ದಾರೆ.

ಇದರಲ್ಲಿ ಯಾವುದು ತಾನಾಗೇ ಆಗಿದ್ದು? ಪ್ರತಿಯೊಂದಕ್ಕೂ ಒಂದು ಫೈಲು, ಒಂದು ಸಹಿ, ಎಲ್ಲರ ತೆರಿಗೆ ದುಡ್ಡು. ಬೆಂಗಳೂರಿನವರ ಶ್ರಮ ಸುಳ್ಳು ಅಂತ ನಾನು ಹೇಳ್ತಿಲ್ಲ. ಅಲ್ಲಿ ದುಡಿಯೋರಲ್ಲಿ ಅರ್ಧ ನಮ್ಮವರೇ. ಶ್ರಮಕ್ಕೆ ಮೊದಲು ಸಹಿ ಬಿದ್ದಿತ್ತು ಅಂತ ಹೇಳ್ತಿದ್ದೀನಿ.

ಸಣ್ಣ ಮಟ್ಟದಲ್ಲೂ ಇದೇ ಕಥೆ. ರೈಲು ಹಳಿ ತಿಪಟೂರಿನ ಮೇಲೆ ಹೋಯ್ತು, ಚಿಕ್ಕನಾಯಕನಹಳ್ಳಿ ಮೇಲೆ ಹೋಗಲಿಲ್ಲ. ಇವತ್ತು ಕೊಬ್ಬರಿ ಮಾರುಕಟ್ಟೆ ಅಂದ್ರೆ ದೇಶಕ್ಕೇ ಗೊತ್ತಿರೋದು ತಿಪಟೂರು. ನಮ್ಮ ಹೋಬಳಿ ಅಟ್ಟದ ಉಂಡೆ ಕೊಬ್ಬರಿಯೂ ಅಲ್ಲಿಗೇ ಹೋಗಬೇಕು. ನಮ್ಮ ತಾಲ್ಲೂಕಿನ ಮರ ಕಮ್ಮಿ ಕಾಯಿ ಬಿಡುತ್ತಾ?

8/9
ಈಗ "ಹೆಸರು ಬಂದ್ರೆ ಅಭಿವೃದ್ಧಿ ಬರುತ್ತೆ" ಅನ್ನೋರ ವಾದಕ್ಕೆ ಬರೋಣ. ಅದು ಪೂರ್ತಿ ಮೂರ್ಖ ವಾದ ಅಲ್ಲ. ಹೊರಗಿನ ಕಂಪನಿಯವರಿಗೆ ಬೆಂಗಳೂರು ಗೊತ್ತು, ತುಮಕೂರು ಗೊತ್ತಿಲ್ಲ. ಬ್ರ್ಯಾಂಡ್‌ಗೆ ಬೆಲೆ ಇದೆ. ಬಿಕಾಂನಲ್ಲಿ ಅದಕ್ಕೆ ಗುಡ್‌ವಿಲ್ ಅಂತೀವಿ. ಆದರೆ ಗುಡ್‌ವಿಲ್ ಪಾಠದ ಮೊದಲ ಪ್ರಶ್ನೆನೇ ಅದು ಯಾರ ಪುಸ್ತಕದಲ್ಲಿ ಆಸ್ತಿಯಾಗಿ ಕೂರುತ್ತೆ ಅನ್ನೋದು. ಬೋರ್ಡಿನಲ್ಲಿ ಇನ್ನೊಬ್ಬರ ಹೆಸರು ಹಾಕ್ಕೊಂಡ ಅಂಗಡಿಗೆ ಫ್ರಾಂಚೈಸಿ ಅಂತಾರೆ. ಹೆಸರಿನ ಬೆಲೆ ಯಾವತ್ತೂ ಮಾಲೀಕನದ್ದು.

ಪುರಾವೆ ಬೇಕಾ? "ಬೆಂಗಳೂರು ಗ್ರಾಮಾಂತರ" ಜಿಲ್ಲೆ ಆಗಿದ್ದು 1986ರಲ್ಲಿ. ಬೆಂಗಳೂರು ಅನ್ನೋ ಹೆಸರು ಅದಕ್ಕೆ ಹುಟ್ಟುವಾಗಲೇ ಸಿಕ್ಕಿತ್ತು. ಆದ್ರೂ ಎಷ್ಟೋ ವರ್ಷ ಆ ಜಿಲ್ಲೆಯ ಕಚೇರಿಗಳೇ ಆ ಜಿಲ್ಲೆಯಲ್ಲಿ ಇರಲಿಲ್ಲ, ಬೆಂಗಳೂರು ನಗರದೊಳಗೆ ಇದ್ವು. ಹೊಸಕೋಟೆ ರೈತ ತನ್ನ ಜಿಲ್ಲಾಧಿಕಾರಿಯನ್ನ ನೋಡೋಕೆ ಬೇರೆ ಜಿಲ್ಲೆಗೆ ಹೋಗಬೇಕಿತ್ತು. ದೇವನಹಳ್ಳಿ ಬದಲಾಗಿದ್ದು 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ. ಬದಲಾಯಿಸಿದ್ದು ಹೆಸರಾ, ನಿಲ್ದಾಣನಾ?

ಸೈಟ್ ರೇಟ್ ಏರುತ್ತೆ, ಒಪ್ಪಿದೆ. ಏರಿದ ರೇಟು ಮಾರಿದವನಿಗೆ ಒಂದೇ ಸಲ ಸಿಗುತ್ತೆ. ತೆಂಗಿನ ಸಸಿ ಇಟ್ಟು ಆರೇಳು ವರ್ಷ ಕಾದ್ರೆ ಎರಡು ತಲೆಮಾರು ಕಾಯಿ ಕೊಡುತ್ತೆ. ತೋಟ ಲೇಔಟ್ ಆದ ಮೇಲೆ ಮೊಮ್ಮಗನಿಗೆ ಉಳಿಯೋದು 30x40 ಬೋರ್ಡಿನ ಮುಂದೆ ತೆಗೆಸ್ಕೊಂಡ ಫೋಟೋ ಮಾತ್ರ. ಕೊಳ್ಳೋರು ಯಾರು ಅಂತಲೂ ಯೋಚನೆ ಮಾಡಿ. ನಮ್ಮ ಹೋಬಳಿಯವರಂತೂ ಅಲ್ಲ.

ಮತ್ತೆ, 2014ರ ನವೆಂಬರ್ 1ಕ್ಕೆ ಇಂಗ್ಲಿಷಲ್ಲೂ "ತುಮಕೂರು" ಅಂತಲೇ ಬರೀಬೇಕು ಅಂತ ಆಯ್ತು, ಖುಷಿಪಟ್ವಿ. ಸರಿಯಾಗಿ ಉಚ್ಚಾರ ಮಾಡಿ ಅಂತ ಹಠ ಹಿಡಿದ ಹೆಸರನ್ನ ಈಗ ನಾವೇ ಅಳಿಸೋಣ ಅಂತೀವಲ್ಲ, ನಗು ಬರಲ್ವಾ?

9/9
ಹಾಗಾದ್ರೆ ಏನ್ ಕೇಳಬೇಕು? ಹೆಸರು ಬೇಡ, ಸಹಿ ಕೇಳಿ.

ಧಾರವಾಡ, ಕಲಬುರಗಿಗೆ 2008ರಲ್ಲಿ ಹೈಕೋರ್ಟ್ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯ್ತು. ಯಾರೂ ಧಾರವಾಡವನ್ನ "ಬೆಂಗಳೂರು ವಾಯವ್ಯ" ಅಂತ ಕರೀಲಿಲ್ಲ, ಆದ್ರೂ ಕೋರ್ಟ್ ಬಂತು. ಬೆಳಗಾವಿಯಲ್ಲಿ 2012ಕ್ಕೆ ಸುವರ್ಣ ವಿಧಾನಸೌಧ ಎದ್ದಿತು, ಆದರೆ ವರ್ಷದಲ್ಲಿ ಕೆಲವೇ ದಿನ ಅಧಿವೇಶನ. ಯಾಕೆ? ಕಟ್ಟಡ ಹೋಯ್ತು, ಅಧಿಕಾರ ಹೋಗಲಿಲ್ಲ. ನಾವು ಯಾವುದನ್ನ ಕೇಳಬೇಕು ಅನ್ನೋ ಪಾಠ ಈ ಎರಡರಲ್ಲೇ ಇದೆ.

ನಮ್ಮ ಕೇಳಿಕೆ ಒಂದು: ತೆಂಗು ಅಭಿವೃದ್ಧಿ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನ ಹುಳಿಮಾವಿನಲ್ಲಿದೆ. ಬನ್ನೇರುಘಟ್ಟ ರಸ್ತೆ ಟ್ರಾಫಿಕ್‌ನಲ್ಲಿ ತೆಂಗು ಬೆಳೆಯಲ್ಲ. ಅದನ್ನ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಎಲ್ಲಾದರೂ ಮರದ ಕೆಳಗೆ ತನ್ನಿ.

ಎರಡು: ಗುಬ್ಬಿ ತಾಲ್ಲೂಕಿಗೆ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂತು, ಹೆಸರು ಬದಲಾಯಿಸದೇನೇ ಬಂತು. ಅಂಥದ್ದು ಇನ್ನೂ ತನ್ನಿ, ಇಲ್ಲಿಯ ಐಟಿಐ, ಡಿಗ್ರಿ ಮಕ್ಕಳಿಗೆ ಬಾಗಿಲು ತೆಗೀರಿ.

ಮೂರು: ಹೇಮಾವತಿ ನೀರಿನ ಜಗಳ 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಬೀದಿಗೇ ಬಂತು. ಹೆಸರು ಒಂದಾದ ಮೇಲೆ "ನಮ್ಮ ನೀರು" ಅನ್ನೋ ಮಾತಿಗೆ ಅರ್ಥ ಏನಿರುತ್ತೆ? ನೀರಿನ ಪಾಲು ಕಾಗದದಲ್ಲಿ ಬರೆದುಕೊಡಿ, ಆಮೇಲೆ ಬೇರೆ ಮಾತು.

ನಾಲ್ಕು, ಇದಕ್ಕೆ ಜಾಸ್ತಿ ದುಡ್ಡೂ ಬೇಡ: ಶಿರಾ ಕೋಟೆ ಮುಂದೆ ಈ ಊರು ಏನಾಗಿತ್ತು ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ನಿಲ್ಲಿಸಿ. ನಮ್ಮ ಜಿಲ್ಲೆಯ ಪ್ರತಿ ಶಾಲೆಯ ಟ್ರಿಪ್ ಬಸ್ಸು ಲಾಲ್‌ಬಾಗ್‌ಗೆ ಹೋಗೋ ಮೊದಲು ಒಂದು ಸಲ ಶಿರಾಕ್ಕೆ ಹೋಗಲಿ.

ಶಿರಾದಿಂದ 12,000 ಕುಟುಂಬ ಎಬ್ಬಿಸೋಕೆ ಆಗ ಸೈನಿಕರು ಬೇಕಾಯ್ತು. ಈಗ ಯಾರೂ ಬರಲ್ಲ. ಡಿಗ್ರಿ ರಿಸಲ್ಟ್ ಬಂದ ವಾರ ನಾವೇ ಬ್ಯಾಗ್ ತಗೊಂಡು ಬೆಂಗಳೂರು ಬಸ್ ಹತ್ತುತ್ತೀವಿ, ಮನೆಯಲ್ಲಿ ಅಜ್ಜ, ಅಜ್ಜಿ, ತೋಟದ ಬೋರ್‌ವೆಲ್ ಮೋಟರು. ಹೋಗೋದು ತಪ್ಪಲ್ಲ, ಹೊಟ್ಟೆಪಾಡು. ನಾವು ಹೋದ ಮೇಲೆ ಹಿಂದೆ ಊರಿನ ಹೆಸರಾದರೂ ಇರಲಿ ಅಂತ ಕೇಳೋಕೂ ಆಗಲ್ವಾ?

ತುಮಕೂರು ತುಮಕೂರಾಗೇ ಇರಲಿ. ಕಲ್ಪತರು ನಾಡು ಅಂತ ಇನ್ನೊಂದು ಹೆಸರೂ ಇದೆ, ಅದನ್ನ ಮರ ಕೊಟ್ಟಿದೆ, ಯಾರ ಸಹಿಯೂ ಬೇಡ.

ಒಪ್ಪಿದ್ರೆ ನಿಮ್ಮ ಊರಿನ ಗ್ರೂಪಿಗೆ ಕಳ್ಸಿ. ಒಪ್ಪದಿದ್ರೆ ಕಾಮೆಂಟಲ್ಲಿ ಬನ್ನಿ, ಆದರೆ ಬೆಂಕಿ ಇಮೋಜಿ ಬೇಡ, ವಾದ ತನ್ನಿ.

#ಶಿರಾ #ತುಮಕೂರು_ತುಮಕೂರೇ #ಕಲ್ಪತರುನಾಡು #ಹಂದನಕೆರೆ #ಚಿಕ್ಕನಾಯಕನಹಳ್ಳಿ #ತಿಪಟೂರು #ತುರುವೇಕೆರೆ #ನಮ್ಮಜಿಲ್ಲೆ_ನಮ್ಮಹೆಸರು